ದುಡಿಯುವವರ ಕೊರಳು – ಲ್ಯೂಕ್ ಕೆಲ್ಲಿ

ಒಂದು ನಾಡಿನ ಚರಿತ್ರೆಯನ್ನು ಅರಸರ ಶಾಸನಗಳಲ್ಲಿಯೂ ಯುದ್ಧಗಳ ದಾಖಲೆಗಳಲ್ಲಿಯೂ ಮಾತ್ರ ಹುಡುಕಿದರೆ ಸಾಲದು. ಹೊಲವನ್ನು ಉತ್ತವನು, ಹಡಗಿನ ಹಗ್ಗವನ್ನು ಎಳೆದವನು, ಗಣಿಯ ಕತ್ತಲೆಯಲ್ಲಿ ಕಲ್ಲಿದ್ದಲು ಕಡಿದವನು, ಹೊಟ್ಟೆಯ ಪಾಡಿಗಾಗಿ ತಾಯ್ನಾಡನ್ನು ತೊರೆದು ಹೋದವನು – ಇವರ ಹೆಸರುಗಳನ್ನು ಯಾವ ಶಾಸನವೂ ಹೇಳುವುದಿಲ್ಲ. ಅವರ ನೋವು ನಲಿವುಗಳು ಉಳಿದಿರುವುದು ಹಾಡುಗಳಲ್ಲಿ. ಆ ಹಾಡುಗಳನ್ನು ಕಟ್ಟಿದವರು ಯಾರೆಂಬುದು ಬಹುಮಟ್ಟಿಗೆ ತಿಳಿಯದು. ಬಾಯಿಂದ ಬಾಯಿಗೆ, ತಲೆಮಾರಿನಿಂದ ತಲೆಮಾರಿಗೆ ಅವು ಹರಿದುಬಂದಿವೆ. ಹಾಡುವ ನಾಲಗೆಗಳು ಮೌನವಾದರೆ ಆ ಚರಿತ್ರೆಯೂ ಅಳಿದುಹೋಗುತ್ತದೆ. ಹಾಗೆ ಅಳಿಯುವ ಅಂಚಿನಲ್ಲಿದ್ದ ಹಾಡುಗಳನ್ನು ಮತ್ತೆ ಜನರ ನಾಲಗೆಯ ಮೇಲೆ ನೆಲೆಗೊಳಿಸಿದವರಲ್ಲಿ ಐರ್ಲೆಂಡಿನ ಗಾಯಕ ಲ್ಯೂಕ್ ಕೆಲ್ಲಿಯು ಪ್ರಮುಖನು.

ಐರ್ಲೆಂಡ್ ಯೂರೋಪು ಖಂಡದ ಪಶ್ಚಿಮದ ಅಂಚಿನಲ್ಲಿರುವ ಹಸುರು ದ್ವೀಪ. ಪ್ರಕೃತಿ ಆ ನಾಡಿಗೆ ಮಳೆಯನ್ನೂ ಹುಲ್ಲುಗಾವಲನ್ನೂ ಧಾರಾಳವಾಗಿ ಕೊಟ್ಟಿದ್ದರೂ ಅಲ್ಲಿನ ಜನರು ಶತಮಾನಗಳ ಕಾಲ ಪರರ ಆಳ್ವಿಕೆಯಲ್ಲಿ ಬಡವರಾಗಿಯೇ ಬದುಕಿದರು. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಭೀಕರವಾದ ಕ್ಷಾಮ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಮಂದಿ ಸತ್ತರು. ಅದಕ್ಕಿಂತ ಹೆಚ್ಚು ಮಂದಿ ಹಡಗು ಹತ್ತಿ ದೇಶಾಂತರ ಹೋದರು. ನಾಡಿನ ಸ್ವಂತ ಭಾಷೆಯಾದ ಐರಿಷ್ ಕೂಡ ಮನೆಮನೆಗಳಿಂದ ಮರೆಯಾಗತೊಡಗಿತು. 1922ರಲ್ಲಿ ದೇಶದ ಹೆಚ್ಚಿನ ಭಾಗ ಸ್ವತಂತ್ರವಾದರೂ ಬಡತನ ತೊಲಗಲಿಲ್ಲ. 1950ರ ದಶಕವೊಂದರಲ್ಲಿಯೇ ಸುಮಾರು ನಾಲ್ಕು ಲಕ್ಷ ಜನರು ಕೆಲಸವನ್ನು ಅರಸಿ ನಾಡು ಬಿಟ್ಟರು. ಲ್ಯೂಕ್ ಕೆಲ್ಲಿಯೂ ಹಾಗೆ ಹೊರಟವರಲ್ಲಿ ಒಬ್ಬನು.

ಅವನು ಹುಟ್ಟಿದುದು 1940ರ ನವೆಂಬರ್ 17ರಂದು, ಡಬ್ಲಿನ್ ನಗರದ ಷೆರಿಫ್ ಬೀದಿಯಲ್ಲಿ. ಬಂದರಿನ ಹಡಗುಕಟ್ಟೆಗಳಿಗೆ ಹತ್ತಿರದಲ್ಲಿದ್ದ ಆ ಬೀದಿಯಲ್ಲಿ ಕೂಲಿಕಾರರ ಇಕ್ಕಟ್ಟಾದ ಮನೆಗಳು ಒತ್ತಾಗಿ ನಿಂತಿದ್ದವು. ತಂದೆಯ ಹೆಸರೂ ಲ್ಯೂಕ್ ಎಂದೇ. ಜೇಕಬ್ ಕಂಪನಿಯ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಅವನು ಜೀವಮಾನವೆಲ್ಲ ದುಡಿದನು. ಆ ತಂದೆಯ ಮೈಯಲ್ಲಿ ನಾಡಿನ ಚರಿತ್ರೆಯ ಗುರುತೊಂದು ಇದ್ದಿತು. 1914ರಲ್ಲಿ, ಅವನಿನ್ನೂ ಬಾಲಕನಾಗಿದ್ದಾಗ, ಡಬ್ಲಿನ್ನಿನ ಬ್ಯಾಚಲರ್ಸ್ ವಾಕ್ ಎಂಬಲ್ಲಿ ಬ್ರಿಟಿಷ್ ಸೈನಿಕರು ಜನರ ಗುಂಪಿನ ಮೇಲೆ ಗುಂಡು ಹಾರಿಸಿದರು. ಗುಂಡೇಟಿನಿಂದ ತೀವ್ರವಾಗಿ ಗಾಯಗೊಂಡವರಲ್ಲಿ ಆ ಬಾಲಕನೂ ಒಬ್ಬನು. ಪುಣ್ಯವಶಾತ್ ಅವನು ಬದುಕಿ ಉಳಿದನು. ಚರಿತ್ರೆಯೆಂಬುದು ಗ್ರಂಥಗಳಲ್ಲಿ ಮಾತ್ರ ಇರುವುದಲ್ಲ, ಬಡವರ ಮೈಮೇಲೆಯೂ ಬರೆದಿರುತ್ತದೆಯೆಂಬುದನ್ನು ಮಗನು ತನ್ನ ಮನೆಯಲ್ಲಿಯೇ ಕಂಡುಕೊಂಡನು.

ಸ್ಕಾಟ್ಲೆಂಡ್ ಮೂಲದ ಅಜ್ಜಿಯೊಬ್ಬಳು ಅವರ ಮನೆಯಲ್ಲಿ ಇದ್ದಳು. 1953ರಲ್ಲಿ ಅವಳು ತೀರಿಕೊಂಡಳು. ಅದೇ ವರ್ಷ ಅವರಿದ್ದ ಮನೆಗಳಿಗೆ ಬೆಂಕಿ ತಗುಲಿದುದರಿಂದ ಕುಟುಂಬವು ನಗರದ ಉತ್ತರ ಭಾಗದ ವೈಟ್‌ಹಾಲ್ ಎಂಬ ಹೊಸ ಬಡಾವಣೆಗೆ ಹೋಗಬೇಕಾಯಿತು. ಲ್ಯೂಕನ ಶಾಲೆಯ ಓದು ಹದಿಮೂರನೆಯ ವಯಸ್ಸಿಗೇ ಮುಗಿಯಿತು. ಕಾಲ್ಚೆಂಡಾಟದಲ್ಲಿ ಅವನು ಚುರುಕಾಗಿದ್ದನು. ಪುಸ್ತಕಗಳನ್ನು ಕಂಡರೆ ಬಿಡುತ್ತಿರಲಿಲ್ಲ. ಆದರೆ ಕಾರ್ಮಿಕರ ಮನೆಯಲ್ಲಿ ಹುಡುಗನೊಬ್ಬನು ಸಂಪಾದನೆಗೆ ಇಳಿಯುವುದು ಅನಿವಾರ್ಯವಾಗಿದ್ದಿತು. ನಾಲ್ಕು ವರ್ಷಗಳ ಕಾಲ ಸಿಕ್ಕ ಸಣ್ಣಪುಟ್ಟ ಕೆಲಸಗಳನ್ನು ಮಾಡಿದ ಮೇಲೆ, 1958ರಲ್ಲಿ ಅವನು ಸಮುದ್ರ ದಾಟಿ ಇಂಗ್ಲೆಂಡಿಗೆ ಹೋದನು.

ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಪಟ್ಟಣದಲ್ಲಿ ಅವನ ಅಣ್ಣ ಪ್ಯಾಡಿ ಆಗಲೇ ಕೆಲಸದಲ್ಲಿದ್ದನು. ಕಟ್ಟಡಗಳಿಗೆ ಉಕ್ಕಿನ ಸರಳುಗಳನ್ನು ಕಟ್ಟುವ ಕೆಲಸದಲ್ಲಿ ತಮ್ಮನೂ ಸೇರಿದನು. ಆದರೆ ದುಡಿಮೆಗೆ ತಕ್ಕ ಕೂಲಿಯನ್ನು ಕೇಳಿದ ತಪ್ಪಿಗೆ ಆ ಕೆಲಸದಿಂದ ಹೊರಬೀಳಬೇಕಾಯಿತು. ಬಳಿಕ ಅವನು ಊರೂರು ಅಲೆದನು. ಕಿಟಕಿಗಳನ್ನು ಒರೆಸಿದನು, ಶೌಚಾಲಯಗಳನ್ನು ತೊಳೆದನು, ರೈಲ್ವೆಯಲ್ಲಿ ದುಡಿದನು, ಮನೆಮನೆಯ ಬಾಗಿಲು ತಟ್ಟಿ ಕಸ ತೆಗೆಯುವ ಯಂತ್ರಗಳನ್ನು ಮಾರಿದನು. ಯಾವ ಕೆಲಸವೂ ಅವನಿಗೆ ಕೀಳೆನಿಸಲಿಲ್ಲ. ಆದರೆ ಕೆಲಸ ಮಾಡುವವನನ್ನು ಕೀಳಾಗಿ ಕಾಣುವ ಸಮಾಜ ಮಾತ್ರ ಅವನಿಗೆ ಒಪ್ಪಿಗೆಯಾಗಲಿಲ್ಲ. ಮುಂದೆ ಅವನು ಹಾಡಿದ ಒಂದೊಂದು ಹಾಡಿನ ಹಿಂದೆಯೂ ಈ ಅಲೆದಾಟದ ಅನುಭವವಿದೆ.

1960ರ ಆರಂಭದಲ್ಲಿ ನ್ಯೂಕ್ಯಾಸಲ್ ನಗರದಲ್ಲಿ ಅವನು ಜನಪದ ಗಾಯಕರ ಕೂಟವೊಂದಕ್ಕೆ ಹೋದನು. ಅವನ ಬಾಳಿನ ದಿಕ್ಕು ಬದಲಾದುದು ಅಲ್ಲಿ. ಆ ಕಾಲದಲ್ಲಿ ಬ್ರಿಟನ್ನಿನಲ್ಲಿ ಜನಪದ ಸಂಗೀತದ ಪುನರುಜ್ಜೀವನ ನಡೆದಿದ್ದಿತು. ಅಮೆರಿಕದಿಂದ ಬಂದ ಅಬ್ಬರದ ಹಾಡುಗಳು ಯುವಜನರನ್ನು ಸೆಳೆಯುತ್ತಿದ್ದಾಗ, ಕೆಲವರು ತಮ್ಮ ನಾಡಿನ ಗಣಿಗಾರರ, ನಾವಿಕರ, ನೇಕಾರರ ಹಾಡುಗಳನ್ನು ಹುಡುಕಿ ತೆಗೆದು ಹಾಡತೊಡಗಿದ್ದರು. ಅವರಿಗೆ ರಂಗಮಂಟಪ ಬೇಕಿರಲಿಲ್ಲ. ಊಟದ ಮನೆಯ ಮಹಡಿಯ ಮೇಲಿನ ಕೋಣೆಯೋ ಸಂಘದ ಕೊಠಡಿಯೋ ಸಾಕಾಗಿದ್ದಿತು. ಹಾಡುವವನಿಗೂ ಕೇಳುವವನಿಗೂ ನಡುವೆ ಅಂತರವಿರಲಿಲ್ಲ. ಇಂದು ಕೇಳಿದವನು ನಾಳೆ ಎದ್ದುನಿಂತು ಹಾಡಬಹುದಾಗಿದ್ದಿತು.

ಈ ಚಳವಳಿಯ ಮುಂದಾಳುಗಳಲ್ಲಿ ಯೂವನ್ ಮೆಕಾಲ್ ಮುಖ್ಯನು. ಅವನು ಕಾರ್ಮಿಕರ ಮಗ, ನಾಟಕಕಾರ, ಕವಿ, ಗಾಯಕ. ತಾನು ಹುಟ್ಟಿದ ಸಾಲ್ಫರ್ಡ್ ಎಂಬ ಕೈಗಾರಿಕಾ ಪಟ್ಟಣದ ಹೊಗೆ ಕೊಳೆಗಳನ್ನು ಕುರಿತೇ ಅವನು ಸುಂದರವಾದ ಹಾಡನ್ನು ಕಟ್ಟಿದ್ದನು. ಹಾಡಿಗೆ ವಸ್ತುವಾಗಲು ಹೂವು, ಚಂದ್ರ, ಪ್ರಣಯಗಳೇ ಬೇಕೆಂದಿಲ್ಲ, ಕಾರ್ಖಾನೆಯ ಗೋಡೆಯೂ ಸಾಕು ಎಂಬುದನ್ನು ಲ್ಯೂಕನು ಅವನಿಂದ ಕಲಿತನು. ಬರ್ಮಿಂಗ್‌ಹ್ಯಾಮಿನಲ್ಲಿ ಇಯಾನ್ ಕ್ಯಾಂಬೆಲ್ ನಡೆಸುತ್ತಿದ್ದ ಗಾಯನಕೂಟಕ್ಕೂ ಹೋಗತೊಡಗಿದನು. ಐದು ತಂತಿಗಳ ಬ್ಯಾಂಜೋ ವಾದ್ಯವನ್ನು ಕೈಗೆತ್ತಿಕೊಂಡನು. ಹಳೆಯ ಹಾಡುಗಳನ್ನು ಒಂದೊಂದಾಗಿ ಕಂಠಪಾಠ ಮಾಡಿದನು. ಸಮಾನತೆಯನ್ನು ಸಾರುವ ರಾಜಕೀಯ ವಿಚಾರಗಳೂ ಆ ದಿನಗಳಲ್ಲಿಯೇ ಅವನ ಮನಸ್ಸಿನಲ್ಲಿ ಬೇರೂರಿದವು. ಶಾಲೆಯು ಅರ್ಧಕ್ಕೆ ಬಿಟ್ಟಿದ್ದ ವಿದ್ಯಾಭ್ಯಾಸವನ್ನು ಹಾಡು ಮುಂದುವರಿಸಿತು.

1962ರಲ್ಲಿ ಅವನು ಡಬ್ಲಿನ್ನಿಗೆ ಮರಳಿದನು. ಅಲ್ಲಿಯೂ ಗಾಳಿ ಬದಲಾಗುತ್ತಿದ್ದಿತು. ಸಾಂಪ್ರದಾಯಿಕ ಸಂಗೀತವನ್ನು ಕಾಪಾಡಲು 1951ರಲ್ಲಿ ಸ್ಥಾಪಿತವಾದ ಸಂಸ್ಥೆಯೊಂದು ಊರೂರುಗಳಲ್ಲಿ ಸಂಗೀತದ ಮೇಳಗಳನ್ನು ನಡೆಸುತ್ತಿದ್ದಿತು. ಅಮೆರಿಕಕ್ಕೆ ಹೋಗಿ ನೆಲೆಸಿದ್ದ ಕ್ಲ್ಯಾನ್ಸಿ ಸೋದರರು ಐರಿಷ್ ಹಾಡುಗಳನ್ನು ಹಾಡಿ ಅಲ್ಲಿ ಪ್ರಸಿದ್ಧರಾಗಿದ್ದರು. ಆದರೂ ಡಬ್ಲಿನ್ನಿನ ನಾಗರಿಕರಲ್ಲಿ ಅನೇಕರಿಗೆ ಹಳೆಯ ಹಾಡುಗಳೆಂದರೆ ಒಂದು ಬಗೆಯ ಸಂಕೋಚ. ಅವು ಹಳ್ಳಿಗರ ಹಾಡುಗಳು, ಬಡತನದ ಕಾಲದ ನೆನಪುಗಳು ಎಂದು ಅವರು ಮೂಗು ಮುರಿಯುತ್ತಿದ್ದರು. ಕೋಟುಗಳನ್ನು ತೊಟ್ಟು ಪರದೇಶದ ಹಾಡುಗಳನ್ನು ನುಡಿಸುವ ವಾದ್ಯವೃಂದಗಳಿಗೇ ನೃತ್ಯಶಾಲೆಗಳಲ್ಲಿ ಮನ್ನಣೆಯಿದ್ದಿತು.

ಮೆರಿಯನ್ ರೋ ಎಂಬ ಬೀದಿಯಲ್ಲಿ ಒಡೊನಹ್ಯೂ ಎಂಬ ಹೆಸರಿನ ಪಾನಗೃಹವಿದೆ. ಐರ್ಲೆಂಡಿನಲ್ಲಿ ಪಾನಗೃಹವೆಂದರೆ ಕುಡಿಯುವ ಸ್ಥಳ ಮಾತ್ರವಲ್ಲ. ನೆರೆಹೊರೆಯವರು ಸೇರಿ ಮಾತನಾಡುವ, ಹಾಡುವ, ವಾದಿಸುವ ಚಾವಡಿಯೂ ಹೌದು. ಅಲ್ಲಿ ಸಂಜೆಯ ವೇಳೆ ಕೆಲವು ಗೆಳೆಯರು ಸೇರುತ್ತಿದ್ದರು. ರಾನಿ ಡ್ರೂ ಎಂಬುವನು ಸ್ಪೇನಿನಲ್ಲಿ ಇಂಗ್ಲಿಷ್ ಪಾಠ ಹೇಳಿ, ಗಿಟಾರ್ ನುಡಿಸುವುದನ್ನು ಕಲಿತು ಬಂದಿದ್ದನು. ಅವನ ದನಿ ಜಲ್ಲಿಕಲ್ಲು ಉರುಳಿದಂತೆ ಒರಟಾಗಿದ್ದಿತು. ಬಾರ್ನಿ ಮೆಕೆನಾ ನಾಲ್ಕು ತಂತಿಗಳ ಬ್ಯಾಂಜೋದಲ್ಲಿ ಅಸಾಧಾರಣ ವೇಗದಿಂದ ನೃತ್ಯದ ಗತ್ತುಗಳನ್ನು ನುಡಿಸಬಲ್ಲವನಾಗಿದ್ದನು. ಪಿಟೀಲಿನ ಶ್ರುತಿಯ ಕ್ರಮವನ್ನೇ ಒಂದು ಸ್ಥಾಯಿ ಕೆಳಗೆ ಅಳವಡಿಸಿಕೊಂಡು ಅವನು ನುಡಿಸುತ್ತಿದ್ದ ರೀತಿಯನ್ನು ಮುಂದೆ ಆ ನಾಡಿನ ಬ್ಯಾಂಜೋ ವಾದಕರು ಅನುಸರಿಸಿದರು. ಕೀರನ್ ಬರ್ಕ್ ತಗಡಿನ ಕೊಳಲನ್ನು ನುಡಿಸುತ್ತಿದ್ದನು. ಐರಿಷ್ ಭಾಷೆಯ ಹಾಡುಗಳನ್ನು ಹಾಡುತ್ತಿದ್ದನು. ಲ್ಯೂಕನು ಇವರನ್ನು ಕೂಡಿಕೊಂಡನು. ಕೆಂಪು ಗುಂಗುರು ಕೂದಲು, ಕೆಂಪು ಗಡ್ಡ. ತಲೆಯನ್ನು ಹಿಂದಕ್ಕೆ ಚೆಲ್ಲಿ ಅವನು ದನಿಯೆತ್ತಿದನೆಂದರೆ ಮಾತಿನ ಗದ್ದಲ ತಾನಾಗಿ ಅಡಗುತ್ತಿದ್ದಿತು.

ಮೊದಲಿಗೆ ಈ ತಂಡಕ್ಕೆ ರಾನಿ ಡ್ರೂನ ಹೆಸರೇ ಇದ್ದಿತು. ಆದರೆ ಒಬ್ಬನ ಹೆಸರಿನಲ್ಲಿ ಎಲ್ಲರೂ ಹಾಡುವುದು ರಾನಿಗೇ ಹಿಡಿಸಲಿಲ್ಲ. ಆ ಸಮಯದಲ್ಲಿ ಲ್ಯೂಕನು ಜೇಮ್ಸ್ ಜಾಯ್ಸ್ ಎಂಬ ಮಹಾಲೇಖಕನ ಡಬ್ಲಿನರ್ಸ್ ಎಂಬ ಕಥಾಸಂಕಲನವನ್ನು ಓದುತ್ತಿದ್ದನು. ಡಬ್ಲಿನ್ ನಗರದ ಸಾಮಾನ್ಯ ಜನರ ಬದುಕನ್ನು ಚಿತ್ರಿಸಿದ ಕಥೆಗಳವು. ಆ ಹೆಸರನ್ನೇ ತಂಡಕ್ಕೆ ಇಡಬಹುದೆಂದು ಅವನು ಸೂಚಿಸಿದನು, ಉಳಿದವರು ಒಪ್ಪಿದರು. ಹದಿಮೂರನೆಯ ವಯಸ್ಸಿಗೆ ಶಾಲೆ ಬಿಟ್ಟ ಹುಡುಗನು ತನ್ನ ಓದಿನಿಂದ ಕೊಟ್ಟ ಹೆಸರು ಮುಂದೆ ಜಗತ್ತಿನ ಅನೇಕ ದೇಶಗಳಲ್ಲಿ ಪರಿಚಿತವಾಯಿತು.

1963ರಲ್ಲಿ ತಂಡದವರು ಸ್ಕಾಟ್ಲೆಂಡಿನ ಎಡಿನ್‌ಬರೋ ಕಲೋತ್ಸವಕ್ಕೆ ಹೋಗಿ ಹಾಡಿದರು. ಅಲ್ಲಿ ದೊರೆತ ಪರಿಚಯದಿಂದ ಬಿ.ಬಿ.ಸಿ. ದೂರದರ್ಶನದ ಜನಪದ ಗಾಯನ ಕಾರ್ಯಕ್ರಮದಲ್ಲಿ ಹಾಡುವ ಅವಕಾಶ ಒದಗಿತು. ಅದರ ಫಲವಾಗಿ ಲಂಡನ್ನಿನ ಟ್ರಾನ್ಸ್‌ಅಟ್ಲಾಂಟಿಕ್ ಎಂಬ ಧ್ವನಿಮುದ್ರಣ ಸಂಸ್ಥೆ ಅವರೊಡನೆ ಒಪ್ಪಂದ ಮಾಡಿಕೊಂಡಿತು. ಸಂಸ್ಥೆಯ ಒಡೆಯನಾದ ನೇಥನ್ ಜೋಸೆಫ್ ತಾನೇ ನಿಂತು ಮುದ್ರಣದ ಹೊಣೆಯನ್ನು ಹೊತ್ತನು. ಹೀಗೆ 1964ರಲ್ಲಿ ಡಬ್ಲಿನರ್ಸ್ ತಂಡದ ಮೊದಲನೆಯ ದೀರ್ಘಾವಧಿ ಧ್ವನಿಮುದ್ರಿಕೆ ಹೊರಬಂದಿತು.

ಆ ತಟ್ಟೆಯಲ್ಲಿ ಏನಿದ್ದಿತು ಎಂಬುದನ್ನು ಗಮನಿಸಬೇಕು. ಅಲ್ಲಿ ಹೊಸದಾಗಿ ಬರೆಸಿದ, ಮಾರುಕಟ್ಟೆಗಾಗಿ ಹೊಸೆದ ಹಾಡುಗಳಿರಲಿಲ್ಲ. ಗಂಟಲು ಕಟ್ಟುವಷ್ಟು ವೇಗದಲ್ಲಿ ಹಾಡಬೇಕಾದ ವಲಸೆಗಾರನ ಪಯಣದ ಹಾಡು ಇದ್ದಿತು. ಪಶ್ಚಿಮದ ಹಳ್ಳಿಯೊಂದರಿಂದ ನಡೆದು ಡಬ್ಲಿನ್ನಿಗೆ ಬಂದು, ಅಲ್ಲಿಂದ ಹಡಗಿನಲ್ಲಿ ಲಿವರ್‌ಪೂಲಿಗೆ ಹೋಗುವ ಬಡಯುವಕನ ಕಥೆ ಅದು. ಹಣವನ್ನೆಲ್ಲ ಪೋಲು ಮಾಡಿ ತಿರುಗಿದ ಅಲೆಮಾರಿಯು ಕೊನೆಗೆ ಬುದ್ಧಿ ತಂದುಕೊಂಡು ಮನೆಗೆ ಮರಳಲು ನಿಶ್ಚಯಿಸುವ ಹಾಡೊಂದು ಇದ್ದಿತು. ಊರೂರು ತಿರುಗುವ ಬಡ ವ್ಯಾಪಾರಿಗಳ ಹಾಡು, ನಾವಿಕರ ಹಾಡು, ಬಾಲಕಿಯರು ಬೀದಿಯಲ್ಲಿ ಆಡುತ್ತ ಹಾಡುವ ಹಾಡು – ಇವೆಲ್ಲ ಇದ್ದವು. ಕೀರನ್ ಬರ್ಕ್ ಹಾಡಿದ ಐರಿಷ್ ಭಾಷೆಯ ಹಾಡೊಂದಕ್ಕೂ ಅಲ್ಲಿ ಸ್ಥಾನವಿದ್ದಿತು. ಹಾಡುಗಳ ನಡುನಡುವೆ ರೀಲ್ ಎಂಬ ನೃತ್ಯದ ಗತ್ತುಗಳನ್ನು ಬಾರ್ನಿಯು ನುಡಿಸಿದ್ದನು.

ಈ ಗಾಯಕರು ಹಳೆಯ ಹಾಡುಗಳನ್ನು ನಯಗೊಳಿಸಿ ಸಭ್ಯರ ದಿವಾನಖಾನೆಗೆ ಒಪ್ಪುವಂತೆ ಮಾಡಲು ಹೋಗಲಿಲ್ಲ. ಡಬ್ಲಿನ್ನಿನ ಬೀದಿಯ ಉಚ್ಚಾರಣೆಯಲ್ಲಿಯೇ ಹಾಡಿದರು. ರಾನಿಯ ದನಿಯ ಒರಟುತನವನ್ನು ಮರೆಮಾಡಲಿಲ್ಲ. ಲ್ಯೂಕನ ದನಿಯ ಕಸುವನ್ನು ತಗ್ಗಿಸಲಿಲ್ಲ. ತಮ್ಮ ಬೀದಿಯ ಮಾತು, ತಮ್ಮ ಅಜ್ಜಂದಿರ ಹಾಡು ನಾಚಿಕೆಪಡಬೇಕಾದ ವಸ್ತುಗಳಲ್ಲ ಎಂಬುದನ್ನು ಕೇಳಿದವರೆಲ್ಲ ಅರಿತರು. ಬಾಯಿಂದ ಬಾಯಿಗೆ ಸಾಗುವ ಹಾಡು ಒಂದು ಕೇರಿಯನ್ನು ದಾಟಲು ವರ್ಷಗಳೇ ಬೇಕಾಗುತ್ತಿದ್ದವು. ಧ್ವನಿಮುದ್ರಿಕೆ ಅದನ್ನು ಕೆಲವೇ ದಿನಗಳಲ್ಲಿ ಸಮುದ್ರದಾಚೆಗೆ ಕೊಂಡೊಯ್ಯಬಲ್ಲುದಾಗಿದ್ದಿತು. ಪರದೇಶದ ಬಾಡಿಗೆ ಕೋಣೆಗಳಲ್ಲಿ ದಿನಗಳನ್ನು ಕಳೆಯುತ್ತಿದ್ದ ಐರಿಷ್ ಕೂಲಿಕಾರರಿಗೆ ಊರಿನ ದನಿ ಹೀಗೆ ತಲುಪುವಂತಾಯಿತು.

ಕೀರ್ತಿ ಬಾಗಿಲಿಗೆ ಬಂದಾಗ ಸಾಮಾನ್ಯರು ಅದನ್ನು ಬಿಟ್ಟು ಕದಲುವುದಿಲ್ಲ. ಲ್ಯೂಕನು ಮಾಡಿದುದು ಬೇರೆ. ಮೊದಲ ಧ್ವನಿಮುದ್ರಿಕೆ ಹೊರಬಂದ 1964ರಲ್ಲಿಯೇ ಅವನು ತಂಡವನ್ನು ಬಿಟ್ಟು ಲಂಡನ್ನಿಗೆ ಹೊರಟನು. ಜಗಳವಾಡಿ ಹೊರಟವನಲ್ಲ, ಕಲಿಯಲು ಹೊರಟವನು. ಯೂವನ್ ಮೆಕಾಲನು ಆಗ ಕಿರಿಯ ಗಾಯಕರಿಗಾಗಿ ಅಧ್ಯಯನಕೂಟವೊಂದನ್ನು ನಡೆಸುತ್ತಿದ್ದನು. ಹಾಡಿನ ಹುಟ್ಟು, ಅದರ ಅರ್ಥ, ಉಸಿರಿನ ನಿಯಂತ್ರಣ, ಪದಗಳ ಉಚ್ಚಾರಣೆ ಇವನ್ನೆಲ್ಲ ಅಲ್ಲಿ ಚರ್ಚಿಸುತ್ತಿದ್ದರು. ಒಬ್ಬರು ಹಾಡಿದುದನ್ನು ಉಳಿದವರು ನಿರ್ದಾಕ್ಷಿಣ್ಯವಾಗಿ ವಿಮರ್ಶಿಸುತ್ತಿದ್ದರು. ಸಾವಿರಾರು ಜನರ ಚಪ್ಪಾಳೆಯನ್ನು ಬಿಟ್ಟು, ಕೆಲವೇ ಜನರ ವಿಮರ್ಶೆಯನ್ನು ಕೇಳಲು ಅವನು ಹೋಗಿ ಕುಳಿತನು. ಅಣ್ವಸ್ತ್ರಗಳನ್ನು ತ್ಯಜಿಸಬೇಕೆಂಬ ಶಾಂತಿ ಚಳವಳಿಯಲ್ಲಿಯೂ ಆಗ ಹೆಚ್ಚು ತೊಡಗಿಕೊಂಡನು. 1965ರಲ್ಲಿ ಡೀರ್‌ಡ್ರ ಓಕಾನೆಲ್ ಎಂಬ ನಟಿಯನ್ನು ಮದುವೆಯಾದನು. ಆಕೆ 1967ರಲ್ಲಿ ಡಬ್ಲಿನ್ನಿನಲ್ಲಿ ಫೋಕಸ್ ಎಂಬ ಪುಟ್ಟ ರಂಗಮಂದಿರವನ್ನು ಸ್ಥಾಪಿಸಿ ಹೆಸರಾದಳು.

ಲ್ಯೂಕನಿಲ್ಲದಾಗ ಬಾಬಿ ಲಿಂಚ್ ಮತ್ತು ಪಿಟೀಲು ವಾದಕ ಜಾನ್ ಷೀಹನ್ ತಂಡಕ್ಕೆ ಬಂದರು. 1965ರಲ್ಲಿ ಲ್ಯೂಕನು ಮರಳಿದಾಗ ಲಿಂಚ್ ಹೊರಟುಹೋದನು; ಷೀಹನ್ ಉಳಿದನು. ಹೀಗೆ ಐವರ ತಂಡ ರೂಪುಗೊಂಡಿತು. 1967ರಲ್ಲಿ ಅವರ ವಿನೋದದ ಹಾಡೊಂದು ಐರ್ಲೆಂಡಿನ ಆಕಾಶವಾಣಿಯಲ್ಲಿ ನಿಷೇಧಕ್ಕೆ ಒಳಗಾಯಿತು. ಆದರೆ ಕಡಲಿನ ಮೇಲೆ ಹಡಗಿನಿಂದ ಪ್ರಸಾರ ಮಾಡುತ್ತಿದ್ದ ಖಾಸಗಿ ಬಾನುಲಿಯೊಂದು ಅದನ್ನು ಮತ್ತೆ ಮತ್ತೆ ಕೇಳಿಸಿತು. ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಹತ್ತು ಹಾಡುಗಳ ಸಾಲಿಗೆ ಅದು ಸೇರಿತು. 1968ರಲ್ಲಿ ತಂಡದವರು ಅಮೆರಿಕದ ದೂರದರ್ಶನದಲ್ಲಿಯೂ ಕಾಣಿಸಿಕೊಂಡರು. ಗಡ್ಡ ಬಿಟ್ಟ, ದಿನನಿತ್ಯದ ಉಡುಪಿನಲ್ಲಿಯೇ ವೇದಿಕೆ ಏರುವ ಈ ಐವರು ಯೂರೋಪಿನ ನಗರಗಳಲ್ಲೆಲ್ಲ ಸಂಚರಿಸಿದರು.

ಲ್ಯೂಕನ ಹಿರಿಮೆಯು ಅವನು ಆರಿಸಿಕೊಂಡ ಹಾಡುಗಳಿಂದ ತಿಳಿಯುತ್ತದೆ. 1958ರಲ್ಲಿ ಕೆನಡಾದ ಸ್ಪ್ರಿಂಗ್‌ಹಿಲ್ ಎಂಬಲ್ಲಿ ಕಲ್ಲಿದ್ದಲ ಗಣಿಯು ಕುಸಿದು ಎಪ್ಪತ್ತಕ್ಕೂ ಹೆಚ್ಚು ಕಾರ್ಮಿಕರು ಸತ್ತಿದ್ದರು. ಅವರನ್ನು ಕುರಿತು ಪೆಗ್ಗಿ ಸೀಗರ್ ರಚಿಸಿದ ಹಾಡನ್ನು ಲ್ಯೂಕನು ಹಾಡಿದನು. ಕೇಳುವವರಿಗೆ ಆ ಗಣಿ ದೂರದ ಕೆನಡಾದಲ್ಲಿದೆ ಎಂದು ಅನಿಸುತ್ತಿರಲಿಲ್ಲ. ತಮ್ಮ ಕಾಲಿನ ಕೆಳಗೇ ಕುಸಿದಂತೆ ತೋರುತ್ತಿದ್ದಿತು. ಉತ್ತರ ಐರ್ಲೆಂಡಿನ ಡೆರಿ ನಗರವು ಹಿಂಸೆಯಿಂದ ನರಳುತ್ತಿದ್ದಾಗ, ಆ ಊರಿನವನಾದ ಫಿಲ್ ಕೌಲ್ಟರ್ ತನ್ನ ಬಾಲ್ಯದ ಊರನ್ನು ನೆನೆದು ಬರೆದ ಗೀತೆಯನ್ನೂ ಅವನು ಹಾಡಿದನು. ಅದರಲ್ಲಿ ದ್ವೇಷದ ದನಿಯಿಲ್ಲ. ಕಳೆದುಹೋದ ನೆಮ್ಮದಿಗಾಗಿ ಮರುಗುವ ದನಿಯಿದೆ.

ಅದೇ ಫಿಲ್ ಕೌಲ್ಟರನ ಮೊದಲನೆಯ ಮಗು ಡೌನ್ ಸಿಂಡ್ರೋಮ್ ಎಂಬ ನ್ಯೂನತೆಯೊಡನೆ ಹುಟ್ಟಿದ್ದಿತು. ಆ ಮಗುವಿನ ಮುಗ್ಧತೆಯನ್ನು ಯಾರೂ ಹಳಿಯಬಾರದೆಂದು ತಂದೆಯು ಒಂದು ಗೀತೆಯನ್ನು ಬರೆದನು. 1970ರಲ್ಲಿ ಹೊರಬಂದ ಧ್ವನಿಮುದ್ರಿಕೆಯಲ್ಲಿ ಲ್ಯೂಕನು ಅದನ್ನು ಹಾಡಿದನು. ಕೇಳಿದವರ ಕಣ್ಣುಗಳು ತೇವವಾದವು. ಜನಪ್ರಿಯವಾದ ಹಾಡನ್ನು ಗಾಯಕರು ಪ್ರತಿ ಸಭೆಯಲ್ಲಿಯೂ ಹಾಡುವುದು ವಾಡಿಕೆ. ಆದರೆ ಲ್ಯೂಕನು ಈ ಗೀತೆಯನ್ನು ವೇದಿಕೆಯ ಮೇಲೆ ಹಾಡಿದುದು ಬಹಳ ಅಪರೂಪ. ಒಬ್ಬ ತಂದೆಯ ಅಂತರಂಗದ ನೋವನ್ನು ಮನರಂಜನೆಯ ವಸ್ತುವಾಗಿಸಬಾರದೆಂಬ ಮರ್ಯಾದೆ ಅವನಲ್ಲಿದ್ದಿತು. ಯಾವುದನ್ನು ಹಾಡಬೇಕೆಂದು ತಿಳಿದವರು ಅನೇಕರು. ಯಾವುದನ್ನು ಎಲ್ಲೆಂದರಲ್ಲಿ ಹಾಡಬಾರದೆಂದು ತಿಳಿದವರು ವಿರಳ.

ಅವನ ಹೆಸರಿನೊಡನೆ ಎಂದಿಗೂ ಬೆಸೆದುಕೊಂಡಿರುವುದು ರ್‍ಯಾಗ್ಲನ್ ರೋಡ್ ಎಂಬ ಗೀತೆ. ಅದನ್ನು ಬರೆದವನು ಪ್ಯಾಟ್ರಿಕ್ ಕ್ಯಾವನಾ. ಮೊನಹನ್ ಪ್ರಾಂತದ ಸಣ್ಣ ರೈತನ ಮನೆಯಲ್ಲಿ ಹುಟ್ಟಿ, ಕೃಷಿಯನ್ನು ಬಿಟ್ಟು ಡಬ್ಲಿನ್ನಿಗೆ ಬಂದು ನೆಲೆಸಿದ ಕವಿ ಅವನು. 1960ರ ದಶಕದ ನಡುವಿನಲ್ಲಿ ಒಂದು ದಿನ ಬೈಲಿ ಎಂಬ ಪಾನಗೃಹದಲ್ಲಿ ಕವಿಯೂ ಗಾಯಕನೂ ಒಂದೆಡೆ ಕುಳಿತಿದ್ದರು. ತನ್ನಲ್ಲಿ ಲ್ಯೂಕನಿಗೆ ತಕ್ಕ ಹಾಡೊಂದಿದೆಯೆಂದು ವೃದ್ಧ ಕವಿಯು ತಾನಾಗಿ ಹೇಳಿ ಈ ಕವನವನ್ನು ಅವನಿಗೆ ಒಪ್ಪಿಸಿದನು. ಕೈಗೂಡದ ಪ್ರೀತಿಯನ್ನು ಕುರಿತ ಆ ಕವನಕ್ಕೆ ಹಳೆಯ ಐರಿಷ್ ಹಾಡಿನ ಧಾಟಿಯೊಂದು ಹೊಂದಿಕೊಂಡಿದ್ದಿತು. ಕವಿಯು 1967ರ ನವೆಂಬರಿನಲ್ಲಿ ತೀರಿಕೊಂಡನು. ಪುಸ್ತಕದಲ್ಲಿದ್ದ ಅವನ ಕವನವು ಲ್ಯೂಕನ ಕೊರಳಿನ ಮೂಲಕ ಓದು ಬಾರದವರ ಬಾಯಿಗೂ ಬಂದಿತು. ಜನಪದವೆಂಬುದು ಹಳೆಯದನ್ನು ಮಾತ್ರ ಕಾಯುವ ಕಣಜವಲ್ಲ. ಹೊಸದನ್ನೂ ತನ್ನದಾಗಿಸಿಕೊಳ್ಳುವ ಹೊಲ ಎಂಬುದಕ್ಕೆ ಇದು ನಿದರ್ಶನ.

ಇಷ್ಟೆಲ್ಲ ಹೇಳಿದ ಮೇಲೆ ಅವನ ಬಾಳಿನ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. ವರ್ಷವಿಡೀ ಪ್ರಯಾಣ, ತಡರಾತ್ರಿಯ ಕಚೇರಿಗಳು, ಗೆಳೆಯರ ಕೂಟಗಳು, ಇವುಗಳ ನಡುವೆ ಮದ್ಯಪಾನವು ತಂಡದವರಿಗೆ ಅಭ್ಯಾಸವಾಗಿದ್ದಿತು. ಲ್ಯೂಕನೂ ಅದಕ್ಕೆ ಹೊರತಾಗಿರಲಿಲ್ಲ. 1974ರಲ್ಲಿ ಕೀರನ್ ಬರ್ಕ್ ಮಿದುಳಿನ ರಕ್ತಸ್ರಾವದಿಂದ ಕುಸಿದುಬಿದ್ದನು; ಮತ್ತೆ ಮೊದಲಿನಂತೆ ಹಾಡಲಾಗಲಿಲ್ಲ. ತಂಡಕ್ಕೆ ಅದು ದೊಡ್ಡ ಆಘಾತ. ಕೆಲವು ವರ್ಷಗಳ ಬಳಿಕ ಲ್ಯೂಕನಲ್ಲಿಯೂ ವಿಚಿತ್ರವಾದ ಲಕ್ಷಣಗಳು ಕಾಣತೊಡಗಿದವು. ತಲೆನೋವು ಮತ್ತೆ ಮತ್ತೆ ಬರುತ್ತಿದ್ದಿತು, ಮರೆವು ಹೆಚ್ಚಿತು. ಒಮ್ಮೆ ಐಸ್‌ಲೆಂಡಿಗೆ ಹೋಗಿದ್ದಾಗ ತಾನು ಯಾವ ದೇಶದಲ್ಲಿದ್ದೇನೆಂಬುದೇ ಅವನಿಗೆ ಮರೆತುಹೋಗಿದ್ದಿತು. ಅತಿಯಾದ ತಿರುಗಾಟದಿಂದಲೂ ಕುಡಿತದಿಂದಲೂ ಹೀಗಾಗುತ್ತಿದೆಯೆಂದು ಭಾವಿಸಲಾಯಿತು. ಕುಡಿಯುವವನ ರೋಗವನ್ನು ಎಲ್ಲರೂ ಕುಡಿತದ ಲೆಕ್ಕಕ್ಕೇ ಬರೆದುಬಿಡುತ್ತಾರೆ. ನಿಜವಾದ ಕಾರಣ ಅದರ ಹಿಂದೆ ಅಡಗಿ ಕುಳಿತಿದ್ದಿತು.

1980ರ ಜೂನ್ 30ರಂದು ಕಾರ್ಕ್ ನಗರದ ಒಪೆರಾ ಭವನದಲ್ಲಿ ಕಾರ್ಯಕ್ರಮ ನಡೆಯುತ್ತಿದ್ದಾಗ ಲ್ಯೂಕನು ವೇದಿಕೆಯ ಮೇಲೆಯೇ ಕುಸಿದನು. ಪರೀಕ್ಷಿಸಿದಾಗ ಮಿದುಳಿನಲ್ಲಿ ಗಡ್ಡೆ ಬೆಳೆದಿರುವುದು ತಿಳಿಯಿತು. ಶಸ್ತ್ರಚಿಕಿತ್ಸೆ ನಡೆಯಿತು. ನೂರಾರು ಹಾಡುಗಳ ಸಾವಿರಾರು ಸಾಲುಗಳನ್ನು ನೆನಪಿನಲ್ಲಿ ಹೊತ್ತಿದ್ದವನಿಗೆ ನೆನಪೇ ಕೈಕೊಡುವುದಕ್ಕಿಂತ ದೊಡ್ಡ ವಿಪತ್ತು ಬೇರೊಂದಿಲ್ಲ. ಆದರೂ ಅವನು ಎದೆಗುಂದಲಿಲ್ಲ. ಚೇತರಿಸಿಕೊಂಡಾಗಲೆಲ್ಲ ವೇದಿಕೆಗೆ ಮರಳಿ ಬಂದು ಹಾಡಿದನು. 1983ರ ಶರತ್ಕಾಲದಲ್ಲಿ ಯೂರೋಪಿನ ಪ್ರವಾಸದಲ್ಲಿದ್ದಾಗ ಮೈ ಮತ್ತೆ ಸೋತಿತು. ಹಾಡುತ್ತಿದ್ದ ವೇದಿಕೆಯಿಂದ ನಡುವೆಯೇ ಇಳಿದು ಅವನು ಊರಿಗೆ ಹಿಂದಿರುಗಬೇಕಾಯಿತು. 1984ರ ಜನವರಿ 30ರಂದು ಡಬ್ಲಿನ್ನಿನಲ್ಲಿ ಅವನು ಕಣ್ಮುಚ್ಚಿದನು. ಆಗ ಅವನಿಗೆ ವಯಸ್ಸು ನಲವತ್ತಮೂರು. ಗ್ಲಾಸ್‌ನೆವಿನ್ ಸ್ಮಶಾನದಲ್ಲಿ, ನಾಡಿನ ಅನೇಕ ನಾಯಕರು ಮಲಗಿರುವ ಮಣ್ಣಿನಲ್ಲಿಯೇ, ಈ ಕಾರ್ಮಿಕನ ಮಗನೂ ಮಣ್ಣಾದನು. ಅವನ ಸಮಾಧಿಯ ಕಲ್ಲಿನ ಮೇಲೆ ಹೆಸರಿನೊಡನೆ ಡಬ್ಲಿನ್ನಿಗನೆಂಬ ಒಂದೇ ಬಿರುದು ಕೆತ್ತಿದೆ.

ಡಬ್ಲಿನರ್ಸ್ ತಂಡವು ಅವನ ಬಳಿಕವೂ ಹಾಡುತ್ತ ನಡೆದು, ಐವತ್ತು ವರ್ಷಗಳನ್ನು ಪೂರೈಸಿ, 2012ರಲ್ಲಿ ಬಾರ್ನಿ ಮೆಕೆನಾ ತೀರಿಕೊಂಡ ವರ್ಷವೇ ತನ್ನ ಪಯಣವನ್ನು ಮುಗಿಸಿತು. ಡಬ್ಲಿನ್ನಿನ ಬ್ಯಾಲಿಬೋ ಎಂಬಲ್ಲಿ ಸೇತುವೆಯೊಂದಕ್ಕೆ ಲ್ಯೂಕನ ಹೆಸರನ್ನು ಇಟ್ಟಿದ್ದಾರೆ. ಅವನು ತೀರಿಕೊಂಡು ಮೂವತ್ತೈದು ವರ್ಷಗಳು ತುಂಬಿದ ದಿನ, 2019ರ ಜನವರಿ 30ರಂದು, ನಗರದಲ್ಲಿ ಅವನ ಎರಡು ಪ್ರತಿಮೆಗಳು ಅನಾವರಣಗೊಂಡವು. ಒಂದು, ನಗರದ ನಡುವೆ, ಬ್ಯಾಂಜೋ ಹಿಡಿದು ಕುಳಿತಿರುವ ಕಂಚಿನ ವಿಗ್ರಹ. ಇನ್ನೊಂದು, ಅವನು ಹುಟ್ಟಿದ ಷೆರಿಫ್ ಬೀದಿಯ ಬಳಿ, ಅಮೃತಶಿಲೆಯಲ್ಲಿ ಕಡೆದ ದೊಡ್ಡ ಶಿರಸ್ಸು. ಅದರ ಗುಂಗುರು ಕೂದಲನ್ನೂ ಗಡ್ಡವನ್ನೂ ತಾಮ್ರದ ತಂತಿಗಳಿಂದ ಮಾಡಲಾಗಿದೆ. ನಾಡಿನ ರಾಷ್ಟ್ರಾಧ್ಯಕ್ಷನೇ ಬಂದು ಅವುಗಳನ್ನು ಅನಾವರಣಗೊಳಿಸಿದನು. ಬೆಂಕಿಗೆ ಮನೆಯನ್ನು ಕಳೆದುಕೊಂಡು ಕುಟುಂಬವೊಂದು ಬಿಟ್ಟು ಹೋಗಿದ್ದ ಬೀದಿಗೆ ಅದರ ಮಗನು ಹೀಗೆ ಮರಳಿ ಬಂದನು.

ಲ್ಯೂಕ್ ಕೆಲ್ಲಿ ಹೊಸ ರಾಗಗಳನ್ನು ಕಂಡುಹಿಡಿದವನಲ್ಲ; ಗ್ರಂಥಗಳನ್ನು ಬರೆದವನಲ್ಲ. ತನಗಿಂತ ಮೊದಲು ದುಡಿದು, ನೊಂದು, ಹೆಸರಿಲ್ಲದೆ ಹೋದವರ ಮಾತನ್ನು ಅವನು ಕಿವಿಗೊಟ್ಟು ಕೇಳಿದನು. ಅದರ ಅರ್ಥವನ್ನು ಅರಿತನು. ಅನಂತರ ಕೊರಳೆತ್ತಿ ಹಾಡಿದನು. ಒಂದು ಜನಾಂಗವು ತನ್ನ ಹಾಡುಗಳನ್ನು ಕುರಿತು ನಾಚಿಕೆಪಡುತ್ತಿದ್ದ ಕಾಲದಲ್ಲಿ ಅವನು ಹಾಡಿದನು. ಅವನ ತಲೆಮಾರು ಹಾಡಿ ಮುಗಿಸುವ ಹೊತ್ತಿಗೆ ಆ ನಾಚಿಕೆ ಹೋಗಿ ಅಭಿಮಾನ ಮೂಡಿದ್ದಿತು. ಹಿರಿಯರಿಂದ ಬಂದ ಹಾಡು ಅನ್ಯರಾರೋ ಕಾಯಬೇಕಾದ ಆಸ್ತಿಯಲ್ಲ. ಅದನ್ನು ಕಲಿತು ಹಾಡುವ ಒಂದು ಕೊರಳು ಇರುವವರೆಗೆ ಮಾತ್ರ ಅದು ಬದುಕಿರುತ್ತದೆ. ಲ್ಯೂಕ್ ಕೆಲ್ಲಿಯ ಬಾಳು ನಮಗೆ ನೆನಪಿಸುವುದು ಇದನ್ನೇ.